ಬೆಕ್ಕಿನ ಸಕ್ಕರೆ ಇಳಿಯದಿದ್ದಾಗ

ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದರೆ ನಂಬದವರೇ ಹೆಚ್ಚು. ಅದಕ್ಕೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು ಎಂದರೆ ನಗುವವರೂ ಇದ್ದಾರೆ. ನಮ್ಮ ಮನೆಯ ಗಂಡು ಬೆಕ್ಕಿಗೆ ಎರಡು ವರ್ಷಗಳಿಂದ ನಾವು ಇನ್ಸುಲಿನ್ ಕೊಡುತ್ತಿದ್ದೇವೆ. ಮೊದಲ ನಾಲ್ಕೈದು ತಿಂಗಳು ಅದರ ಸಕ್ಕರೆ ಹಿಡಿತಕ್ಕೇ ಬರಲಿಲ್ಲ. ಇಂಜೆಕ್ಷನ್ ಕೊಟ್ಟರೂ 400ರ ಕೆಳಗೆ ಇಳಿಯದ ದಿನಗಳಿದ್ದವು. ಇದೇ ಸ್ಥಿತಿಯ ಇನ್ನೂ ಎರಡು ಮನೆಗಳು ನಮ್ಮ ಜಮಾಅತ್‌ನಲ್ಲಿವೆ ಎಂದು ಆಮೇಲೆ ತಿಳಿಯಿತು. ಅದರಲ್ಲಿ ಒಂದು ಮನೆಯವರು ಬೇಸತ್ತು, ಬೆಕ್ಕನ್ನು ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವ ಯೋಚನೆಯಲ್ಲಿದ್ದರು. ಈ ಲೇಖನ ಬರೆಯಲು ಅದೇ ಕಾರಣ.

ಜುಮಾ ಖುತ್ಬಾಗಳಲ್ಲಿ ಮೂಕಪ್ರಾಣಿಗಳ ಮಾತು ಬಂದಾಗಲೆಲ್ಲ ಬೆಕ್ಕನ್ನು ಕೂಡಿಹಾಕಿದ ಮಹಿಳೆಯ ಹದೀಸ್ ಕೇಳುತ್ತೇವೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ವರದಿ ಅದು. ಆಕೆ ಅದಕ್ಕೆ ಆಹಾರವನ್ನೂ ಕೊಡಲಿಲ್ಲ, ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ ಎಂಬುದು ಅದರ ಸಾರ. ಮೀನು ಮಾರುಕಟ್ಟೆಯಲ್ಲಿ ಬಿಟ್ಟರೆ ಬೆಕ್ಕಿಗೆ ಮೀನಿನ ತಲೆ ಸಿಕ್ಕೀತು, ಇನ್ಸುಲಿನ್ ಸಿಗುವುದಿಲ್ಲ. ಅದು ಹುಡುಕಿ ತಿನ್ನಬಹುದಾದ ವಸ್ತುವಲ್ಲ. ಹಾಗಾಗಿ ಆ ಹೊಣೆ ಸಾಕಿದವರ ಮೇಲೇ ಉಳಿಯುತ್ತದೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಬೆಕ್ಕುಗಳಿಗೆ ಬರುವ ಮಧುಮೇಹ ಬಹುಪಾಲು ಮನುಷ್ಯರ ಟೈಪ್ 2 ಮಧುಮೇಹವನ್ನು ಹೋಲುತ್ತದೆ. ವಯಸ್ಸಾದ, ಬೀಜ ತೆಗೆಸಿದ, ಮೈ ಬೆಳೆಸಿಕೊಂಡ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಸಿಕ್ಕಾಪಟ್ಟೆ ನೀರು ಕುಡಿಯುವುದು, ಮರಳಿನ ತಟ್ಟೆ ಕೆಸರಾಗುವಷ್ಟು ಮೂತ್ರ ಮಾಡುವುದು, ಚೆನ್ನಾಗಿ ತಿಂದರೂ ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗುವುದು ಇದರ ಗುರುತುಗಳು. ಕೆಲವು ಬೆಕ್ಕುಗಳ ಹಿಂಗಾಲಿನ ನರ ಸೋತು, ಪಾದದ ಬದಲು ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯುತ್ತವೆ. ಮನೆಯಲ್ಲಿ ಅಜ್ಜನಿಗೆ ತಂದಿಟ್ಟ ಸಕ್ಕರೆ ಮಾತ್ರೆಯನ್ನು ಅರ್ಧ ಮುರಿದು ಕೊಟ್ಟರಾಯಿತು ಎಂದು ಯಾರೂ ಭಾವಿಸಬಾರದು. ಕರಿಜೀರಿಗೆ, ಮೆಂತ್ಯ, ಹಾಗಲಕಾಯಿ ರಸ ಇವು ಯಾವುವೂ ಬೆಕ್ಕಿಗೆ ಇನ್ಸುಲಿನ್‌ನ ಬದಲಿ ಅಲ್ಲ.

ಸಕ್ಕರೆ ಇಳಿಯದಿದ್ದಾಗ ಎಲ್ಲರ ಮನಸ್ಸಿಗೂ ಮೊದಲು ಬರುವುದು ಡೋಸ್ ಏರಿಸುವ ಯೋಚನೆ. ಬೆಳಿಗ್ಗೆ 420 ಬಂತು, ಅರ್ಧ ಯೂನಿಟ್ ಹೆಚ್ಚು ಕೊಡೋಣ. ಸಂಜೆಯೂ 400, ಇನ್ನರ್ಧ ಏರಿಸೋಣ. ಇದು ಅಪಾಯದ ದಾರಿ. ಎತ್ತರದ ಸಕ್ಕರೆ ಬೆಕ್ಕನ್ನು ನಿಧಾನವಾಗಿ ಹಾಳು ಮಾಡುತ್ತದೆ. ತಗ್ಗಿದ ಸಕ್ಕರೆ ಒಂದೇ ಮಧ್ಯಾಹ್ನದಲ್ಲಿ ಕೊಲ್ಲಬಲ್ಲದು. ಬೆಳಿಗ್ಗೆ, ಸಂಜೆ ಇಂಜೆಕ್ಷನ್‌ಗೆ ಮುಂಚೆ ನೋಡಿದ ಅಂಕಿ ಎಷ್ಟೇ ದೊಡ್ಡದಿರಲಿ, ನಡುವೆ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಅದು ಎಲ್ಲಿಗೆ ಇಳಿದಿತ್ತು ಎಂಬುದೇ ಮುಖ್ಯ. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತಳ ಮುಟ್ಟಿದಾಗ ದೇಹವೇ ಗಾಬರಿಯಾಗಿ ತನ್ನ ದಾಸ್ತಾನಿನಿಂದ ಸಕ್ಕರೆ ಹೊರಹಾಕುವುದುಂಟು. ಆಗ ಸಂಜೆಯ ಅಂಕಿ ಬೆಳಗ್ಗಿನದಕ್ಕಿಂತ ಹೆಚ್ಚಿರುತ್ತದೆ. ಅದನ್ನು ನೋಡಿ ಡೋಸ್ ಏರಿಸಿದರೆ ಬೆಂಕಿಗೆ ಎಣ್ಣೆ ಹೊಯ್ದಂತೆ. ಪಶುವೈದ್ಯರು ಒಂದು ಡೋಸ್ ಹೇಳಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಅದರಲ್ಲೇ ಇಟ್ಟು ನೋಡುತ್ತಾರೆ. ಆ ತಾಳ್ಮೆ ನಮಗೂ ಬೇಕು. ಸಕ್ಕರೆ ತೀರಾ ಇಳಿದರೆ ಮಾತ್ರ ಕಾಯದೆ ಅಂದೇ ಅವರಿಗೆ ತಿಳಿಸಿ ಡೋಸ್ ಕಡಿಮೆ ಮಾಡಿಸಬೇಕು.

ಡೋಸಿನ ಪ್ರಶ್ನೆಗೆ ಮೊದಲು ಕೈಯಲ್ಲಿರುವ ವಸ್ತುಗಳನ್ನು ಪರೀಕ್ಷಿಸಬೇಕು. ನಾವು ಕಂಡ ಮಟ್ಟಿಗೆ ಹಿಡಿತಕ್ಕೆ ಬಾರದ ಸಕ್ಕರೆಯ ಕಾರಣ ಬಹಳ ಸಲ ಅಲ್ಲೇ ಇರುತ್ತದೆ.

ಸಿರಿಂಜಿನ ಲೆಕ್ಕ

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ 100ರ ಇನ್ಸುಲಿನ್. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಎಳೆದು ಒಂದು ಯೂನಿಟ್ ಎಂದುಕೊಂಡರೆ, ಒಳಗೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಕದ ಬೆಕ್ಕಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಇದರ ತಿರುವುಮುರುವೂ ಇದೆ. 40ರ ಇನ್ಸುಲಿನನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಬೆಕ್ಕಿಗೆ ಸಿಗುವುದು ಬೇಕಾದುದರ ಅರ್ಧಕ್ಕಿಂತ ಕಡಿಮೆ, ಸರಿಯಾಗಿ ಹೇಳುವುದಾದರೆ 0.4 ಭಾಗ. ಆಗ ಎಷ್ಟು ವಾರ ಚುಚ್ಚಿದರೂ ಸಕ್ಕರೆ ಇಳಿಯುವುದಿಲ್ಲ, ಮನೆಯವರು ಬೆಕ್ಕಿನ ಹಣೆಬರಹ ಎಂದು ಕೈಚೆಲ್ಲುತ್ತಾರೆ. ನಮಗೆ ಒಂದು ಔಷಧಿ ಅಂಗಡಿಯಲ್ಲಿ 100ರ ಇನ್ಸುಲಿನ್ ಜೊತೆ ಕೆಂಪು ಮುಚ್ಚಳದ ಸಿರಿಂಜನ್ನೇ ಕಟ್ಟಿಕೊಟ್ಟಿದ್ದರು. ವೈದ್ಯರು ಮೊದಲೇ ಬಣ್ಣ ಹೇಳಿದ್ದರಿಂದ ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆಯೇ ಬದಲಾಯಿಸಿಕೊಂಡೆವು. ಬಣ್ಣ ನೋಡಿ ಸುಮ್ಮನಾಗದೆ, ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಪ್ರತಿಸಲ ಓದಿ. 100ರದ್ದಾದರೆ 0.3 ಮಿಲಿಲೀಟರಿನ, ಅರ್ಧ ಯೂನಿಟ್ ಗೆರೆ ಇರುವ ಸಣ್ಣ ಸಿರಿಂಜ್ ಕೇಳಿ. ದೊಡ್ಡ ಸಿರಿಂಜಿನ ಒಂದೊಂದು ಗೆರೆ ಎರಡು ಯೂನಿಟ್ ಇರುತ್ತದೆ. ಅದರಲ್ಲಿ ಬೆಕ್ಕಿನ ಡೋಸ್ ಅಳೆಯುವುದೆಂದರೆ ಅಕ್ಕಿ ಸೇರಿನಲ್ಲಿ ಏಲಕ್ಕಿ ಅಳೆದಂತೆ.

ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಲ್ಲ, ಒಳಗಿನ ಕಪಾಟಿನಲ್ಲಿ ಇಡಿ. 2ರಿಂದ 8 ಡಿಗ್ರಿ ಇರಬೇಕು, ಐಸ್ ಕಟ್ಟುವ ಖಾನೆಗೆ ಹೋಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಉಪಯೋಗಕ್ಕಿಲ್ಲ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮೋಡ ಕವಿದಂತಾಗಿದ್ದರೆ ಎಸೆಯಿರಿ. ಅದನ್ನು ಕುಲುಕಬಾರದು, ನೀರು ಬೆರೆಸಲೂಬಾರದು. ಏಪ್ರಿಲ್ ಮೇ ತಿಂಗಳಲ್ಲಿ ಕರೆಂಟು ಅರ್ಧ ದಿನ ಹೋಗುವ ಊರುಗಳಲ್ಲಿ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ನೀರು ತುಂಬಿದ ದೊಡ್ಡ ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಪಾತ್ರೆಯಲ್ಲಿ ಇಡುವ ಹಳೆಯ ಉಪಾಯ ಚೆನ್ನಾಗಿ ನಡೆಯುತ್ತದೆ.

ಚುಚ್ಚುವ ಜಾಗದ ಬಗ್ಗೆಯೂ ಗಮನ ಬೇಕು. ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿಯಲು ಸುಲಭ, ಆದರೆ ದಿನವೂ ಅಲ್ಲೇ ಚುಚ್ಚಿದರೆ ಚರ್ಮ ಗಟ್ಟಿಯಾಗಿ ಔಷಧ ಸರಿಯಾಗಿ ಹೀರುವುದಿಲ್ಲ. ಎದೆಯ ಪಕ್ಕ, ಹೊಟ್ಟೆಯ ಪಕ್ಕ, ಎಡ ಬಲ ಬದಲಿಸುತ್ತಿರಬೇಕು. ರೋಮ ದಟ್ಟವಿರುವ ಬೆಕ್ಕಿನಲ್ಲಿ ಸೂಜಿ ಚರ್ಮವನ್ನು ದಾಟಿ ಆಚೆ ಬಂದು ಔಷಧ ರೋಮಕ್ಕೇ ಹೋಗುವುದುಂಟು. ಆ ಜಾಗ ಒದ್ದೆಯಾಗಿರುತ್ತದೆ, ಆಸ್ಪತ್ರೆಯಂಥ ವಾಸನೆ ಬರುತ್ತದೆ. ಹಾಗಾದರೆ ಇನ್ನೊಮ್ಮೆ ಚುಚ್ಚಬೇಡಿ. ಎಷ್ಟು ಒಳಗೆ ಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ಡೋಸ್ ತಪ್ಪಿದರೆ ಬೆಕ್ಕು ತಡೆದುಕೊಳ್ಳುತ್ತದೆ, ಎರಡು ಡೋಸ್ ಒಟ್ಟಿಗೆ ಹೋದರೆ ತಡೆದುಕೊಳ್ಳದು. ಬೆಳಿಗ್ಗೆ ಒಬ್ಬರು ಕೊಟ್ಟು, ತಿಳಿಯದೆ ಇನ್ನೊಬ್ಬರೂ ಕೊಡುವುದು ಕೂಡುಕುಟುಂಬದ ಮನೆಗಳಲ್ಲಿ ನಡೆಯಬಹುದಾದ ಸಂಗತಿ. ಕೊಟ್ಟವರು ಆ ಕ್ಷಣವೇ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನಮ್ಮ ಮನೆಯ ನಿಯಮ.

ಹಂದಿಯ ಇನ್ಸುಲಿನ್

ಇದನ್ನು ಕೇಳಲು ಸಂಕೋಚಪಡುವವರಿದ್ದಾರೆ. ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್ ಎಂಬ ಔಷಧ ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು, ನಿಜ. 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆ ಅರವತ್ತು ವರ್ಷ ಮನುಷ್ಯರಿಗೂ ಸಿಗುತ್ತಿದ್ದುದು ದನ ಮತ್ತು ಹಂದಿಯ ಇನ್ಸುಲಿನ್ನೇ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1982ರಲ್ಲಿ. ಹಂದಿಯ ಇನ್ಸುಲಿನ್ ನಾಯಿಯ ಇನ್ಸುಲಿನ್‌ಗೆ ತದ್ರೂಪವಾದದ್ದು. ಬೆಕ್ಕಿನದು ದನದ ಇನ್ಸುಲಿನ್‌ಗೆ ಹತ್ತಿರ, ಒಂದೇ ಒಂದು ಕೊಂಡಿಯ ವ್ಯತ್ಯಾಸ. ಬೆಕ್ಕಿಗೆ ಹಂದಿಯದೇ ಆಗಬೇಕು ಎಂಬ ವೈದ್ಯಕೀಯ ಕಾರಣ ಏನೂ ಇಲ್ಲ ಎಂದು ಹೇಳಲು ಇಷ್ಟು ಬರೆದೆವು. ಗ್ಲಾರ್ಜಿನ್ ಪ್ರಾಣಿಯ ಅಂಗದಿಂದ ತೆಗೆದದ್ದಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ ತಯಾರಿಸುವ ಗ್ಲಾರ್ಜಿನ್ ಒಂದು ಜಾತಿಯ ಯೀಸ್ಟಿನಿಂದ ಬರುತ್ತದೆ. ಬೆಕ್ಕುಗಳಲ್ಲಿ ಅದರ ಫಲಿತಾಂಶವೂ ಒಳ್ಳೆಯದು. ವೈದ್ಯರಿಗೆ ನಿಮ್ಮ ಇಷ್ಟವನ್ನು ಮುಕ್ತವಾಗಿ ತಿಳಿಸಿ, ಅವರು ಬದಲಿಸಿ ಬರೆಯಬಲ್ಲರು. ಆದರೆ ಒಂದು ಇನ್ಸುಲಿನಿಂದ ಇನ್ನೊಂದಕ್ಕೆ ಹೋಗುವಾಗ ಡೋಸೂ ಸಿರಿಂಜೂ ಬದಲಾಗುತ್ತವೆ. ಮನೆಯಲ್ಲೇ ಬದಲಿಸಬಾರದು. ಬೇರೆ ಏನೂ ಸಿಗದ ಊರಿನಲ್ಲಿ ಏನು ಮಾಡಬೇಕು ಎಂಬ ಮಸ್ಅಲವನ್ನು ನಿಮ್ಮ ಖತೀಬರ ಬಳಿ ಕೇಳಿ. ಉತ್ತರ ಬರುವವರೆಗೆ ನಡೆಯುತ್ತಿರುವ ಔಷಧವನ್ನು ನಿಲ್ಲಿಸಬೇಡಿ.

ಇನ್ನು ಅಳತೆ. ಆಸ್ಪತ್ರೆಗೆ ಒಯ್ದ ಬೆಕ್ಕಿನ ಸಕ್ಕರೆಯನ್ನು ಪೂರ್ತಿ ನಂಬುವಂತಿಲ್ಲ. ಬುಟ್ಟಿ, ರಿಕ್ಷಾ, ನಾಯಿಗಳ ಬೊಗಳು ಇವುಗಳ ಹೆದರಿಕೆಯಿಂದಲೇ ಕಾಯಿಲೆ ಇಲ್ಲದ ಬೆಕ್ಕಿನ ಸಕ್ಕರೆಯೂ 300 ದಾಟಬಹುದು. ಮನೆಯಲ್ಲಿ, ಅದರ ಜಾಗದಲ್ಲಿ, ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡುವುದೇ ನಿಜವಾದ ಅಳತೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಅರ್ಧ ನಿಮಿಷ ಹಿಡಿದರೆ ರಕ್ತ ಸುಲಭವಾಗಿ ಬರುತ್ತದೆ. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದು ಸಾಮಾನ್ಯ. ಪ್ರಾಣಿಗಳ ಮೀಟರ್ ಸಿಗದಿದ್ದರೆ ಮನುಷ್ಯರದ್ದೇ ಸಾಕು, ಆದರೆ ಪ್ರತಿಸಲ ಅದೇ ಮೀಟರ್ ಇರಲಿ, ಯಾವುದರಲ್ಲಿ ನೋಡಿದ್ದು ಎಂದು ವೈದ್ಯರಿಗೆ ಹೇಳಿ. ಅವರು ಕೇಳಿದಾಗ ಒಂದು ದಿನ ಬೆಳಗಿನ ಇಂಜೆಕ್ಷನ್‌ನಿಂದ ಸಂಜೆಯ ಇಂಜೆಕ್ಷನ್‌ವರೆಗೆ ಎರಡೆರಡು ಗಂಟೆಗೊಮ್ಮೆ ನೋಡಿ ಬರೆಯಬೇಕಾಗುತ್ತದೆ. ಅತ್ಯಂತ ಕೆಳಗಿನ ಅಂಕಿ 80ರಿಂದ 150ರ ನಡುವೆ ಬಂದರೆ ಡೋಸ್ ಸರಿಯಿದೆ ಎಂದು ಲೆಕ್ಕ. ಇಷ್ಟು ಸಲ ಚುಚ್ಚಲು ಮನಸ್ಸಾಗದವರಿಗೆ, ಮೈಗೆ ಅಂಟಿಸಿ ಹಲವು ದಿನ ತಾನೇ ಅಳೆಯುವ ಸೆನ್ಸರ್‌ಗಳಿವೆ. ಮನುಷ್ಯರಿಗಾಗಿ ಮಾಡಿದವು, ಬೆಕ್ಕಿಗೂ ಬಳಸುತ್ತಾರೆ, ದುಬಾರಿ. ಕಳೆದ ಒಂದೆರಡು ವಾರದ ಸರಾಸರಿ ಹೇಳುವ ಫ್ರುಕ್ಟೋಸಮೈನ್ ಎಂಬ ರಕ್ತಪರೀಕ್ಷೆಯೂ ಇದೆ.

ಅಂಕಿಗಿಂತ ಹೆಚ್ಚು ಹೇಳುವ ಸಂಗತಿಗಳು ಮನೆಯಲ್ಲೇ ಇವೆ. ನೀರಿನ ಬಟ್ಟಲಿಗೆ ಬೆಳಿಗ್ಗೆ ಅಳೆದು ಹಾಕಿ, ಸಂಜೆ ಉಳಿದದ್ದನ್ನು ಅಳೆಯಿರಿ. ವಾರಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ನೀರು ಕಡಿಮೆಯಾಗುತ್ತ ತೂಕ ನಿಂತರೆ, ಮೀಟರಿನ ಒಂದೊಂದು ಅಂಕಿಗೆ ಎದೆ ಒಡೆದುಕೊಳ್ಳಬೇಕಾಗಿಲ್ಲ.

ಆಹಾರದ ವಿಷಯದಲ್ಲಿ ಕರಾವಳಿಯ ಮನೆಗಳಲ್ಲಿ ದೊಡ್ಡ ತೊಡಕು ಅನ್ನ. ಬಂಗುಡೆಯ ತಲೆ, ಬೂತಾಯಿಯ ತುಂಡು ಎಂದು ನಾವು ಹೇಳುತ್ತೇವೆ, ತಟ್ಟೆಯಲ್ಲಿ ಮುಕ್ಕಾಲು ಪಾಲು ಅನ್ನವೇ. ಮೇಲೊಂದಿಷ್ಟು ಹಾಲು. ಬೆಕ್ಕು ಮಾಂಸ ತಿಂದು ಬದುಕುವ ಪ್ರಾಣಿ, ಪಿಷ್ಟವನ್ನು ಅರಗಿಸಿ ನಿಭಾಯಿಸುವ ಶಕ್ತಿ ಅದಕ್ಕೆ ಕಡಿಮೆ. ಅಂಗಡಿಯ ಒಣ ಕಾಳಿನ ಆಹಾರದಲ್ಲೂ ಪಿಷ್ಟ ಸಾಕಷ್ಟು. ಡಬ್ಬಿಯ ಅಥವಾ ಪೊಟ್ಟಣದ ಹಸಿ ಆಹಾರದಲ್ಲಿ ಸಾಮಾನ್ಯವಾಗಿ ಕಡಿಮೆ, ಲೇಬಲ್ ನೋಡಿ ತೆಗೆದುಕೊಳ್ಳಿ. ಮನೆಯದ್ದೇ ಕೊಡುವುದಾದರೆ ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮೀನು ಕೊಡಬಹುದು, ಆದರೆ ಬರೀ ಅದರಿಂದ ಬೆಕ್ಕಿಗೆ ಬೇಕಾದ ಎಲ್ಲ ಪೋಷಕಾಂಶ ಸಿಗುವುದಿಲ್ಲ. ಏನು ಸೇರಿಸಬೇಕೆಂದು ವೈದ್ಯರನ್ನು ಕೇಳಿ. ದಿನವೂ ಹಸಿ ಮೀನು ಕೊಟ್ಟರೆ ಕೆಲವು ಜಾತಿಯ ಮೀನು ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ. ಸಾರಿನ ಮೀನನ್ನು ತೊಳೆದು ಕೊಡುವುದೂ ಬೇಡ, ಈರುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ.

ಆದರೆ ಅನ್ನ ಬಿಡಿಸುವುದನ್ನು ವೈದ್ಯರಿಗೆ ತಿಳಿಸದೆ ಮಾಡಬೇಡಿ. ಪಿಷ್ಟ ಕಡಿಮೆಯಾದ ಕೂಡಲೇ ಬೇಕಾಗುವ ಇನ್ಸುಲಿನ್ನೂ ಕಡಿಮೆಯಾಗುತ್ತದೆ. ಹಳೆಯ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ.

ಕುಸಿದಾಗ ಏನಾಗುತ್ತದೆ ಎಂದು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕರೆದರೆ ನೋಡದೆ ಶೂನ್ಯ ದಿಟ್ಟಿಸುತ್ತದೆ, ಕೆಲವೊಮ್ಮೆ ವಿಪರೀತ ಹಸಿವಿನಿಂದ ಅರಚುತ್ತದೆ. ಇನ್ನೂ ಮುಂದೆ ಹೋದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಮೀಟರಿನಲ್ಲಿ 60ಕ್ಕಿಂತ ಕೆಳಗೆ ಬಂದರೆ ಲಕ್ಷಣಕ್ಕಾಗಿ ಕಾಯಬೇಡಿ. ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಆಹಾರ ಕೊಡಿ. ಲಕ್ಷಣ ಇದ್ದರೆ ಒಂದು ಟೀ ಚಮಚದಷ್ಟು ಜೇನು ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ನೀರನ್ನು ಬೆರಳಿಗೆ ತೆಗೆದುಕೊಂಡು ಒಸಡಿಗೆ ಸ್ವಲ್ಪಸ್ವಲ್ಪವಾಗಿ ಸವರಿ. ಬಾಯಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಿರುವಾಗ ಹಲ್ಲಿನ ನಡುವೆ ಬೆರಳಿಡಬೇಡಿ. ಎಚ್ಚರಾದರೂ ಕೆಲಸ ಮುಗಿಯಿತು ಎಂದಲ್ಲ. ಜೇನಿನ ಬಲ ಸ್ವಲ್ಪ ಹೊತ್ತಿನದು, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಒಳಗಿರುತ್ತದೆ. ತಿನ್ನಿಸಿ, ಹದಿನೈದು ನಿಮಿಷಕ್ಕೊಮ್ಮೆ ಸಕ್ಕರೆ ನೋಡುತ್ತ, ವೈದ್ಯರ ಬಳಿಗೆ ಹೊರಡಿ. ಮುಂದಿನ ಡೋಸ್ ಅವರನ್ನು ಕೇಳಿಯೇ.

ಇದರ ಎದುರು ದಿಕ್ಕಿನ ಅಪಾಯವೂ ಉಂಟು. ಸಕ್ಕರೆ ಎತ್ತರದಲ್ಲಿದ್ದು ಬೆಕ್ಕು ಊಟ ಬಿಟ್ಟು, ವಾಂತಿ ಮಾಡುತ್ತ, ಮೂಲೆ ಸೇರಿದರೆ ರಕ್ತದಲ್ಲಿ ಕೀಟೋನ್ ಏರಿರಬಹುದು. ಮೂತ್ರಕ್ಕೆ ಅದ್ದಿ ನೋಡುವ ಕೀಟೋನ್ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಪಟ್ಟಿಯ ಬಣ್ಣ ಬದಲಾದರೆ ಅಂದೇ ಆಸ್ಪತ್ರೆ, ನಾಳೆಗೆ ಬೇಡ.

ಇಷ್ಟೆಲ್ಲ ಸರಿಯಿದ್ದೂ ಸಕ್ಕರೆ ಇಳಿಯದಿದ್ದರೆ, ಅಂದರೆ ಪ್ರತಿಸಲ ಒಂದು ಕಿಲೋ ತೂಕಕ್ಕೆ ಒಂದೂವರೆ ಯೂನಿಟ್‌ಗಿಂತ ಹೆಚ್ಚು ಬೇಕಾಗುತ್ತಿದ್ದರೆ, ಇನ್ಸುಲಿನ್‌ಗೆ ಅಡ್ಡ ನಿಂತದ್ದು ಬೇರೇನೋ ಇದೆ ಎಂದು ತಿಳಿಯಬೇಕು. ನಮ್ಮ ಬೆಕ್ಕಿನದು ಹಲ್ಲಾಗಿತ್ತು. ಹಿಂದಿನ ಎರಡು ದವಡೆ ಹಲ್ಲು ಕೊಳೆತು ಒಸಡು ಕೀವು ಕಟ್ಟಿತ್ತು, ಹೊರಗೆ ಬಾಯಿ ವಾಸನೆ ಬಿಟ್ಟರೆ ಬೇರೆ ಸುಳಿವಿರಲಿಲ್ಲ. ಹಲ್ಲು ಕೀಳಿಸಿದ ಮೂರು ವಾರದಲ್ಲಿ ಡೋಸ್ ಅರ್ಧಕ್ಕೆ ಇಳಿಸಬೇಕಾಯಿತು. ಮೂತ್ರದ ಸೋಂಕು, ಮೇದೋಜೀರಕ ಗ್ರಂಥಿಯ ಊತ, ಥೈರಾಯ್ಡ್ ಕೂಡ ಹೀಗೇ ಮಾಡುತ್ತವೆ. ತುರಿಕೆಗೋ ಬಾಯಿ ಹುಣ್ಣಿಗೋ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್ ವಾರಗಟ್ಟಲೆ ಮೈಯಲ್ಲಿದ್ದು ಇನ್ಸುಲಿನ್ ಕೆಲಸ ಕೆಡಿಸುತ್ತದೆ. ಹಿಂದೆ ಬೇರೆ ಕಡೆ ಏನೇನು ಚುಚ್ಚಿಸಿದ್ದೀರಿ ಎಂಬ ಚೀಟಿಗಳನ್ನೆಲ್ಲ ವೈದ್ಯರ ಮುಂದಿಡಿ. ಇನ್ನೊಂದು ಕಾರಣ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯ ಗಡ್ಡೆ. ಅದು ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಅಪರೂಪದ ಕಾಯಿಲೆ ಎಂದು ಭಾವಿಸಿದ್ದ ಇದರ ಬಗ್ಗೆ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 1,221 ಮಧುಮೇಹಿ ಬೆಕ್ಕುಗಳ ರಕ್ತ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಬ್ರಿಟನ್ನಿನಲ್ಲಿ ಸುಮಾರು ನಾಲ್ಕು ಮಧುಮೇಹಿ ಬೆಕ್ಕುಗಳಲ್ಲಿ ಒಂದಕ್ಕೆ ಅದಿದೆ. ಸೊರಗಬೇಕಾದ ಬೆಕ್ಕು ಸಕ್ಕರೆ ಹೆಚ್ಚಿದ್ದರೂ ತೂಕ ಏರುತ್ತಿದ್ದರೆ, ಮುಖ ಅಗಲವಾಗುತ್ತಿದ್ದರೆ ಈ ಅನುಮಾನ ಬರಬೇಕು. ಐಜಿಎಫ್-1 ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಊರಿನ ಪಶು ಆಸ್ಪತ್ರೆಯಲ್ಲಿ ಇಂಥ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ ಅಥವಾ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮೊದಲ ತಿಂಗಳುಗಳಲ್ಲೇ ಸಕ್ಕರೆ ಹಿಡಿತಕ್ಕೆ ಬಂದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲಿಸುವಷ್ಟು ಗುಣವಾಗುವುದುಂಟು. ಮನುಷ್ಯರಲ್ಲಿ ಇದು ಇಷ್ಟು ಸುಲಭವಲ್ಲ. ಆದ್ದರಿಂದ ಆರಂಭದ ದಿನಗಳ ಶ್ರಮಕ್ಕೆ ಬೆಲೆ ಇದೆ.

ಸಮಯ ಹನ್ನೆರಡು ಗಂಟೆಗೊಮ್ಮೆ, ಊಟದ ಜೊತೆ. ನಮಾಝಿನ ವೇಳೆಗೆ ಕಟ್ಟಿಕೊಂಡರೆ ನೆನಪಿರುತ್ತದೆ ಎಂದು ನಮಗೂ ಅನಿಸಿತ್ತು, ಆದರೆ ಫಜ್ರ್, ಮಗ್ರಿಬ್ ವರ್ಷವಿಡೀ ಸರಿಯುತ್ತಿರುತ್ತವೆ. ಗಡಿಯಾರದ ಆರು ಗಂಟೆ ಸರಿಯುವುದಿಲ್ಲ. ರಮಝಾನಿನಲ್ಲೂ ಹಾಗೆಯೇ ಇರಲಿ. ಇಫ್ತಾರಿನ ಗಡಿಬಿಡಿ ಶುರುವಾಗುವ ಮುಂಚೆಯೇ ಬೆಕ್ಕಿನ ಊಟ, ಇಂಜೆಕ್ಷನ್ ಮುಗಿದಿರುತ್ತದೆ. ಸಹ್ರಿಗೆ ಎದ್ದವರ ಕಾಲು ಸುತ್ತಿ ಬೇಡಿದರೂ ಹಾಲು, ಖರ್ಜೂರ, ಪರೋಟದ ತುಂಡು ಕೊಡದಂತೆ ಅಜ್ಜಿಯಂದಿರಿಗೆ ಹೇಳುವುದು ಮಾತ್ರ ಕಷ್ಟದ ಕೆಲಸ.

ಉಮ್ರಾಕ್ಕೋ ಮದುವೆಗೋ ಹೊರಡುವವರು ಬೆಕ್ಕನ್ನು ಯಾರಿಗಾದರೂ ಒಪ್ಪಿಸುವುದಾದರೆ ಕನಿಷ್ಠ ಒಂದು ವಾರ ಮುಂಚೆಯೇ ಅವರನ್ನು ಕರೆಸಿ. ಮೊದಲ ಎರಡು ದಿನ ನೋಡಲಿ, ಆಮೇಲೆ ನಿಮ್ಮ ಎದುರಿನಲ್ಲೇ ಅವರು ಚುಚ್ಚಲಿ. ಡೋಸ್, ಸಿರಿಂಜಿನ ಮುಚ್ಚಳದ ಬಣ್ಣ, ವೈದ್ಯರ ಫೋನ್ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ, ಪಕ್ಕದಲ್ಲಿ ಜೇನಿನ ಬಾಟಲಿ ಇಡಿ. ಅದೇ ಕಾಗದದ ಮೇಲ್ಭಾಗದಲ್ಲಿ, ಬೆಕ್ಕು ತಿನ್ನದಿದ್ದರೆ ಚುಚ್ಚಬೇಡಿ, ಮೊದಲು ವೈದ್ಯರಿಗೆ ಫೋನ್ ಮಾಡಿ ಎಂದು ಕೆಂಪು ಶಾಯಿಯಲ್ಲಿ ಬರೆದಿರಿ.